ಅಕ್ರೋಡ ಮರದ ಕೆಳಗಿನ ಚಹಾದಂಗಡಿ

ನಮ್ಮ ಟ್ರಾವೆಲ್ ಆಫೀಸಿನಲ್ಲಿ ಹಿಮಾಲಯವನ್ನು ನನ್ನೆದುರು ಟೇಬಲ್ಲಿನ ಗುಮಾಸ್ತರಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ಆದರೆ ಐವತ್ತು ದಾಟುವವರೆಗೂ ಅವರು ಅಲ್ಲಿಗೆ ಹೋದವರಲ್ಲ. ಹಿಮಾಲಯ ಹಾಗಿರಲಿ, ಬಸ್ಸಿನಲ್ಲಿ ಕುಳಿತು ಒಂದು ಘಟ್ಟವನ್ನು ದಾಟಿದವರೂ ಅಲ್ಲ. ಬಾಗಲಕೋಟೆಯಿಂದ ಪುಣೆಗೆ ಬಂದದ್ದು ರೈಲಿನಲ್ಲಿ. ಕೋಥರೂಡದ ಮನೆಯಿಂದ ಡೆಕ್ಕನ್‌ನಲ್ಲಿದ್ದ ಆಫೀಸಿಗೆ ಬರುತ್ತಿದ್ದದ್ದು ಸೈಕಲ್ಲಿನಲ್ಲಿ. ಮಳೆಯಿದ್ದ ದಿನ ಅನಿವಾರ್ಯವಾಗಿ ಸಿಟಿ ಬಸ್ ಹತ್ತಿದರೆ ಎರಡನೆಯ ಸ್ಟಾಪಿಗೆ ಇಳಿದುಬಿಡುತ್ತಿದ್ದರು. ಉಳಿದ ದಾರಿ ಕೊಡೆ ಹಿಡಿದುಕೊಂಡು ನಡಿಗೆ.

ಕಳೆದ ತಿಂಗಳು ಅವರು ನಿವೃತ್ತರಾದರು. ಫೇರ್‌ವೆಲ್‌ಗೆ ನನ್ನನ್ನೂ ಕರೆದಿದ್ದರು. ವಿಮಾನ ನಗರದ ಹೊಸ ಬ್ರಾಂಚಿನ ಹುಡುಗಿಯರು ಗೋಡೆಯ ಮೇಲೆ ಫೋಟೋ ತೋರಿಸಿದರು. ಹಿಮದಲ್ಲಿ ಅವರು, ಒಂಟೆಯ ಪಕ್ಕದಲ್ಲಿ ಅವರು, ಯಾವುದೋ ಸೇತುವೆಯ ಮೇಲೆ ನಲವತ್ತು ಜನರ ನಡುವೆ ಅವರು. ‘ಮೋಸ್ಟ್ ಡೈನಾಮಿಕ್ ಟೂರ್ ಮ್ಯಾನೇಜರ್’ ಎಂದು ಕೇಕಿನ ಮೇಲೆ ಬರೆಸಿದ್ದರು. ಈ ಮನುಷ್ಯ ಇಪ್ಪತ್ತು ವರ್ಷ ಒಂದು ಕುರ್ಚಿಯಿಂದ ಏಳದೆ ಕಳೆದವರು ಎಂಬುದು ಅಲ್ಲಿದ್ದವರಲ್ಲಿ ನನ್ನೊಬ್ಬಳಿಗೆ ಮಾತ್ರ ಗೊತ್ತಿತ್ತು. ನನ್ನ ಕೈಗೂ ಮೈಕ್ ಕೊಟ್ಟರು. ಮೈಕ್ ಕಂಡರೆ ನನಗೆ ಈಗಲೂ ಕಾನ್ವೆಂಟಿನ ಎಲೊಕ್ಯೂಷನ್ ಸ್ಪರ್ಧೆ ನೆನಪಾಗಿ ಮಾತು ಮರೆತುಹೋಗುತ್ತದೆ. ‘ಗಾಡ್ ಬ್ಲೆಸ್ ಯೂ’ ಎಂದು ಮುಗಿಸಿ, ಕೇಕ್ ತಿಂದು ಬಂದೆ. ಹೇಳಬೇಕಾಗಿದ್ದದ್ದೆಲ್ಲ ಬರುವಾಗ ರಿಕ್ಷಾದಲ್ಲಿ ನೆನಪಾಯಿತು. ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ನೆನಪು ಬರುವುದೇ ಲೇಟು.

ಅವರು ಕುರ್ಚಿಯಲ್ಲೇ ಇದ್ದ ಆ ವರ್ಷಗಳಲ್ಲಿ ನಮ್ಮದು ಎರಡು ಕೋಣೆಯ ಆಫೀಸು. ಮಾಲೀಕರು ಮರಾಠಿಯವರು, ಗುಂಪು ಗುಂಪಾಗಿ ಜನರನ್ನು ಪ್ರವಾಸಕ್ಕೆ ಕಳಿಸುವ ವ್ಯವಹಾರ. ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ ಕಡೆಯ ಗಿರಾಕಿಗಳೂ ಬಹಳ ಇದ್ದುದರಿಂದ ಮೂರು ಭಾಷೆಗಳಲ್ಲಿ ಬ್ರೋಷರ್ ಅಚ್ಚಾಗುತ್ತಿತ್ತು. ಮರಾಠಿಯದನ್ನು ಮಾಲೀಕರೇ ಬರೆಯುತ್ತಿದ್ದರು. ಇಂಗ್ಲಿಷ್ ನನ್ನದು, ಕನ್ನಡ ಅವರದು. ನಮ್ಮಿಬ್ಬರ ಟೇಬಲ್ಲುಗಳು ಎದುರುಬದುರು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಕಲಿತ ಇಂಗ್ಲಿಷನ್ನು ಎಲ್ಲ ಊರುಗಳ ಮೇಲೂ ಸಮನಾಗಿ ಹಚ್ಚುತ್ತಿದ್ದೆ. ಒಮ್ಮೆ ಅವರು ನನ್ನ ಪ್ರೂಫ್ ತೆಗೆದುಕೊಂಡು ಓದಿದರು. ನಿಧಾನವಾಗಿ, ಬೆರಳಿಟ್ಟು.

“ಮೇಡಂ, ಈ ನೆಸಲ್ಡ್ ಅಂದ್ರ ಏನ್ರಿ?”

“ಬೆಟ್ಟದ ಮಡಿಲಾಗ ಬೆಚ್ಚಗ ಕೂತದ ಅಂತ.”

“ಶಿಮ್ಲಾನೂ ಕೂತದ, ಮನಾಲಿನೂ ಕೂತದ, ನೈನಿತಾಲನೂ ಕೂತದ. ನಿಮ್ಮ ಇಂಗ್ಲಿಷ್‌ನ್ಯಾಗ ಒಂದು ಊರಾದ್ರೂ ಎದ್ದು ನಿಂತಿಲ್ಲೇನ್ರಿ?”

ಸಿಟ್ಟು ಬಂತು, ನಗುವೂ ಬಂತು. ಅವರು ಬರೆದದ್ದನ್ನು ಓದಿದ ಮೇಲೆ ಸಿಟ್ಟು ಉಳಿಯಲಿಲ್ಲ. ಅವರ ಬ್ರೋಷರಿನಲ್ಲಿ ‘ನಯನಮನೋಹರ’ ಎಂಬ ಪದವೇ ಇರುತ್ತಿರಲಿಲ್ಲ. ‘ಬೆಳಿಗ್ಗೆ ಕೊಬ್ಬರಿ ಎಣ್ಣೆ ಕಲ್ಲಾಗಿರುತ್ತದೆ; ಮಲಗುವಾಗ ಬಾಟಲಿಯನ್ನು ರಜಾಯಿಯೊಳಗೆ ಇಟ್ಟುಕೊಳ್ಳಿ’ ಎಂದಿರುತ್ತಿತ್ತು. ‘ಇಲ್ಲಿ ಬೇಳೆ ಬೇಯಲು ನಮ್ಮೂರಿನ ಎರಡರಷ್ಟು ಹೊತ್ತು ಬೇಕು, ಊಟ ತಡವಾದರೆ ಅಡಿಗೆಯವರನ್ನು ಬಯ್ಯಬೇಡಿ’ ಎಂದಿರುತ್ತಿತ್ತು. ಓದಿದರೆ ಕಾಲಿಗೆ ಚಳಿ ಹತ್ತಿದಂತಾಗುತ್ತಿತ್ತು.

ಕೂತಲ್ಲೇ ಕೂತು ಇದೆಲ್ಲ ಹೇಗೆ ಗೊತ್ತಾಗುತ್ತಿತ್ತು? ಅದಕ್ಕೆ ಅವರದೇ ಒಂದು ಪದ್ಧತಿ ಇತ್ತು. ನಮ್ಮ ಪ್ರತಿ ಟೂರಿನ ಜೊತೆಗೂ ಒಬ್ಬ ಆಚಾರಿ, ಅಂದರೆ ಅಡಿಗೆಯವನು, ಹೋಗುತ್ತಿದ್ದ, ಪಾತ್ರೆ, ಬೇಳೆ, ಮಸಾಲೆ ಸಮೇತ. ಟೂರ್ ಮುಗಿಸಿ ಬಂದ ಆಚಾರಿ ಆಫೀಸಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಕಾಲು ಚಾಚಿದ ಕೂಡಲೇ ಇವರು ಜಗಿಯಲು ಒಂದು ಪಾನ್ ಪಟ್ಟಿ ಹಿಡಿದು ಹಾಜರು. ಟೂರ್ ಮ್ಯಾನೇಜರನ್ನು ಕೇಳುತ್ತಿರಲಿಲ್ಲ. “ಮ್ಯಾನೇಜರ್ ನೋಡಿದ್ದು ನಿಮ್ಮ ಇಂಗ್ಲಿಷ್‌ನ್ಯಾಗ ಬರ್ತದ್ರಿ. ಆಚಾರಿ ಮೂಗು, ಕೈ ಎರಡೂ ಬಳಸಿರ್ತಾನ,” ಎನ್ನುತ್ತಿದ್ದರು. ನೀರು ಹೇಗಿತ್ತು, ಹಿಟ್ಟು ಹೇಗೆ ಹದವಾಯಿತು, ಬೆಳಗ್ಗೆ ಮೊದಲು ಕೇಳಿಸಿದ ಸದ್ದು ಯಾವುದು, ಬಸ್ಸಿನಿಂದ ಇಳಿದಾಗ ಯಾವ ವಾಸನೆ. ಎಲ್ಲವೂ ಉದ್ದನೆಯ ಒಂದು ನೋಟ್‌ಬುಕ್ಕಿಗೆ ಇಳಿಯುತ್ತಿತ್ತು. ಆಮೇಲೆ ಊರು ತಯಾರಾಗುತ್ತಿತ್ತು.

ಪ್ರವಾಸ ಮುಗಿಸಿದ ನಮ್ಮ ಕಡೆಯ ಗಿರಾಕಿಗಳು ಊರಿನ ರೈಲು ಹೊರಡುವವರೆಗೆ ಆಫೀಸಿನಲ್ಲಿ ಬಂದು ಕೂರುವುದಿತ್ತು. ಬ್ರೋಷರ್ ಬರೆದವರು ಯಾರು ಎಂದು ಕೇಳಿ, ಕೈಮುಗಿದು ಹೋಗುತ್ತಿದ್ದರು. ಇವರು ನಾಚಿಕೊಂಡು ಚಹಾ ತರಿಸುತ್ತಿದ್ದರು. ನೀವು ಎಷ್ಟು ಸಲ ಹೋಗಿದ್ದೀರಿ ಎಂದು ಯಾರೂ ಕೇಳಿರಲಿಲ್ಲ. ಹೋಗಿಯೇ ಇರುತ್ತಾರೆಂದು ಎಲ್ಲರೂ ತಿಳಿದಿದ್ದರು.

ಹನ್ನೆರಡು ವರ್ಷದ ಹಿಂದಿನ ಮೇ ತಿಂಗಳು. ಗದಗಿನ ಒಬ್ಬ ಹೆಂಗಸು ಬಂದು ನಮ್ಮ ಟೇಬಲ್ಲಿನ ಮುಂದೆ ನಿಂತರು. ಅರವತ್ತು ದಾಟಿದ ವಯಸ್ಸು, ಇಳಕಲ್ ಸೀರೆ, ಹೆಗಲಿಗೆ ಬಟ್ಟೆಯ ಚೀಲ. ಚೀಲದಿಂದ ಕನ್ನಡ ಬ್ರೋಷರ್ ತೆಗೆದು ಒಂದು ಸಾಲಿನ ಕೆಳಗೆ ಬೆರಳಿಟ್ಟರು. ಆ ಬೆರಳಿಟ್ಟ ರೀತಿ ನೋಡಿಯೇ ಟೀಚರ್ ಎಂದು ಗೊತ್ತಾಯಿತು.

“ಈ ಸಾಲು ಬರದವರು ಯಾರ್ರಿ?”

“ನಾನೇ ರೀ ಅಕ್ಕೋರ,” ಎಂದು ಇವರು ಎದ್ದು ನಿಂತರು. ಟೀಚರನ್ನು ನಮ್ಮ ಕಡೆ ಅಕ್ಕೋರು ಎಂದೇ ಕರೆಯುವುದು. “ಕೂಡ್ರಿ, ಚಹಾ ತರಸ್ತೀನಿ.”

“ಚಹಾ ಆಮ್ಯಾಲ. ಈ ಅಂಗಡಿ ಎಲ್ಲದ ಹೇಳ್ರಿ.”

ಆ ಸಾಲು ನನಗೂ ಬಾಯಿಪಾಠವಾಗಿತ್ತು. ‘ಮನಾಲಿಯ ದಾರಿಯಲ್ಲಿ, ರಸ್ತೆ ಬಲಕ್ಕೆ ತಿರುಗುವಲ್ಲಿ, ಅಕ್ರೋಡ ಮರದ ಕೆಳಗೆ ಒಂದು ಚಹಾದಂಗಡಿ ಇದೆ. ಅಲ್ಲಿ ಕುಳಿತಾಗ ಮಾತಾಡಬೇಡಿ; ಕೆಳಗೆ ನದಿ ಮಾತಾಡುತ್ತಿರುತ್ತದೆ.’

“ನಾ ಆ ದಾರಿ ಹೋಗಿ ಬಂದೇನಿ,” ಎಂದರು ಅಕ್ಕೋರು. “ಬಲಕ್ಕ ತಿರುಗಿದಲ್ಲೆಲ್ಲಾ ಬಸ್ ನಿಲ್ಲಸು ಅಂದೆ. ಹತ್ತು ಸಲ ನಿಲ್ಲಿಸಿದ ಆ ಡ್ರೈವರ್, ಪಾಪ. ಹನ್ನೊಂದನೇದಕ್ಕ ಬಸ್ಸಿನ ಮಂದಿ ನನಗ ಕೈ ಮುಗದ್ರು. ನೀವು ಹೋದಾಗ ಎಲ್ಲಿ ಕೂತಿದ್ರಿ, ಅಷ್ಟು ಹೇಳ್ರಿ.”

ಇವರು ಒಮ್ಮೆ ನನ್ನ ಮುಖ ನೋಡಿದರು.

“ನಾ ಹೋಗಿಲ್ರಿ.”

“ಅಂದ್ರ?”

“ಎಲ್ಲಿಗೂ ಹೋಗಿಲ್ರಿ ಅಕ್ಕೋರ. ಬಸ್ಸಿನ್ಯಾಗ ಕೂತ್ರ ವಾಂತಿ ಆಗ್ತದ.”

ಅಕ್ಕೋರು ಆಗ ಕುರ್ಚಿ ಎಳೆದು ಕುಳಿತರು. ಬಯ್ಯುತ್ತಾರೆಂದು ನಾನು ಪೆನ್ನು ಹಿಡಿದು ತಲೆ ತಗ್ಗಿಸಿದೆ. ಅವರು ಬಯ್ಯಲಿಲ್ಲ. “ಮೂವತ್ತೆಂಟು ವರ್ಷ ಹುಡುಗರಿಗೆ ಮಾತಾಡಬ್ಯಾಡ್ರಿ, ಮಾತಾಡಬ್ಯಾಡ್ರಿ ಅಂತ ನಾ ಒದರಿದೇನಿ,” ಎಂದರು. “ಅದನ್ನ ಹೇಳಲಿಕ್ಕೂ ನಾನೇ ಮಾತಾಡಬೇಕು ನೋಡ್ರಿ. ನನಗ ಯಾರೂ ಒಮ್ಮೆನೂ ಹಂಗ ಅನ್ನಲಿಲ್ಲ. ಇದನ್ನ ಓದಿ ನನಗಂತನ ಬರದಂಗ ಅನಸ್ತು. ಹನ್ನೆರಡು ದಿನದ ಟೂರು, ನಾ ಹೋಗಿದ್ದು ಈ ಒಂದು ಸಾಲಿಗೆ.”

ತರಿಸಿದ ಚಹಾ ಕುಡಿದು, ಕಪ್ಪನ್ನು ಟ್ರೇಯಲ್ಲಿಟ್ಟು, ರೈಲಿಗೆ ಹೊತ್ತಾಯಿತೆಂದು ಹೋದರು. ಬ್ರೋಷರನ್ನು ಟೇಬಲ್ಲಿನ ಮೇಲೆಯೇ ಬಿಟ್ಟಿದ್ದರು.

ಅವತ್ತೇ ನೋಟ್‌ಬುಕ್ ತೆಗೆದು ನೋಡಿದರೆ ತಪ್ಪು ಕಣ್ಣಿಗೆ ಹೊಡೆಯಿತು. ಸಾತಾರಾದ ನಮ್ಮ ಹಿರಿಯ ಆಚಾರಿ ಆ ಸಲ ಎರಡು ಟೂರು ಒಂದರ ಬೆನ್ನಿಗೆ ಒಂದು ಮುಗಿಸಿ ಬಂದಿದ್ದ. ಅಕ್ರೋಡ ಮರ ಮನಾಲಿಯದು. ಚಹಾದಂಗಡಿ ಸಾಂಗ್ಲಾ ಎಂಬ ಇನ್ನೊಂದು ಕಣಿವೆಯ ದಾರಿಯದು. ಒಂದೇ ಪಾನ್ ಪಟ್ಟಿ ಜಗಿದು ಮುಗಿಸುವಷ್ಟರಲ್ಲಿ ಎರಡನ್ನೂ ಹೇಳಿದ್ದ, ಇವರು ಎರಡನ್ನೂ ಒಂದೇ ಪುಟದಲ್ಲಿ ಬರೆದುಕೊಂಡಿದ್ದರು. ಮತ್ತೆ ನದಿ? ಆಚಾರಿಯನ್ನು ಕರೆಸಿ ಕೇಳಿದರು. ನದಿಯ ವಿಷಯ ತಾನು ಹೇಳಿಯೇ ಇಲ್ಲ ಎಂದು ಅವನು ಮರಾಠಿಯಲ್ಲಿ ಆಣೆ ಮಾಡಿದ. ಅದು ಇವರು ಸೇರಿಸಿದ್ದು.

ಮಾಲೀಕರಿಗೆ ಇದೊಂದು ದೊಡ್ಡ ವಿಷಯ ಅನ್ನಿಸಲಿಲ್ಲ. ಮುಂದಿನ ಪ್ರಿಂಟಿನಲ್ಲಿ ಆ ಸಾಲು ತೆಗೆದುಬಿಡಿ ಎಂದರು. ಇವರು ತೆಗೆಯಲಿಲ್ಲ. ಬೇರೆ ಸಾಲು ಬರೆಯಲೂ ಇಲ್ಲ. ಎರಡು ವಾರ ಟೇಬಲ್ಲಿನ ಮುಂದೆ ಸುಮ್ಮನೆ ಕೂತರು. ಪೆನ್ನಿನ ಕ್ಯಾಪ್ ತೆಗೆಯುವುದು, ಹಾಕುವುದು. ನಾನು ಸಮಾಧಾನ ಹೇಳಿದೆ: “ಲುಕ್, ಇಟ್ಸ್ ಓನ್ಲಿ ಎ ಬ್ರೋಷರ್. ಯಾರೂ ಬೈಬಲ್ ಅಂತ ಓದೂದಿಲ್ಲ.”

“ಆಕಿ ಓದಿದ್ರಲ್ರಿ,” ಎಂದರು.

ಮೂರನೆಯ ವಾರ ಮಾಲೀಕರ ಕೋಣೆಗೆ ಹೋಗಿ, ಜೂನ್ ತಿಂಗಳ ಸಾಂಗ್ಲಾ ಟೂರಿಗೆ ಆಚಾರಿಯ ಅಸಿಸ್ಟೆಂಟ್ ಆಗಿ ತನ್ನನ್ನು ಕಳಿಸಬೇಕೆಂದು ಕೇಳಿದರು. ಐವತ್ತೊಂದು ವರ್ಷದ ಗುಮಾಸ್ತ ಬಟಾಟೆ ಹೆಚ್ಚುತ್ತೇನೆ ಎನ್ನುತ್ತಿದ್ದಾನೆ. ಮಾಲೀಕರು ನಕ್ಕು ಒಪ್ಪಿಕೊಂಡರು. ಮನೆಯಲ್ಲಿ ಹೆಂಡತಿ ಏನಂದರು ಎಂದು ಕೇಳಿದೆ. “ಛಲೋ ಆತು, ನೀವು ಇಲ್ಲದಾಗ ಮನಿಗೆ ಬಣ್ಣಾ ಹೊಡಸ್ತೀನಿ ಅಂದ್ಲರಿ.”

ಆ ಪ್ರವಾಸದ ಸುದ್ದಿ ನನಗೆ ಬಂದದ್ದು ವಾಯ್ಸ್ ಮೆಸೇಜಿನಲ್ಲಿ. ಬಸ್ಸಿನಲ್ಲಿ ಕುಳಿತು ತಲೆ ತಗ್ಗಿಸಿ ಟೈಪ್ ಮಾಡಿದರೆ ಹೊಟ್ಟೆ ತೊಳಸುತ್ತಿತ್ತು, ಹಾಗಾಗಿ ಮಾತಾಡಿ ಕಳಿಸುತ್ತಿದ್ದರು. ಮೊದಲನೆಯದು ಶಿಮ್ಲಾದ ದಾರಿಯದು. “ಮೇಡಂ, ಕೇಳಸ್ತದೇನ್ರಿ? ಮೂರು ಸಲ ಆತು. ಪೇಪರ್ ಮ್ಯಾಲ ಕೂತ್ರ ವಾಂತಿ ಆಗೂದಿಲ್ಲ ಅಂತ ಒಬ್ಬರು ಹೇಳಿದ್ರು. ಮರಾಠಿ ಪೇಪರ್ ಮ್ಯಾಲ ಕೂತೆ. ಕನ್ನಡ ಪೇಪರ್ ಮ್ಯಾಲ ಕೂತೆ. ಕಡೀಕ ನಿಮ್ಮ ಇಂಗ್ಲಿಷ್ ಪೇಪರ್ ಮ್ಯಾಲೂ ಕೂತೆ. ಎಲ್ಲಾ ಪತ್ರಿಕೆನೂ ಒಂದೇ ನೋಡ್ರಿ, ಏನೂ ಉಪಯೋಗಿಲ್ಲ.” ಹಿಂದಿನಿಂದ ಇಡೀ ಬಸ್ಸು ನಗುತ್ತಿತ್ತು.

ದಿನಕ್ಕೆ ನಾಲ್ಕು, ಐದು ಬರತೊಡಗಿದವು. ಎಷ್ಟು ತಿರುವಿಗೆ ಎಷ್ಟು ಸಲವಾಯಿತು ಎಂಬುದರಿಂದ ಶುರು. ಆಮೇಲೆ ಊರು. ಮಾಲೀಕರು ಅವನ್ನು ಇಂಗ್ಲಿಷಿಗೆ ಮಾಡಿಕೊಡಿ ಎಂದರು. ನಾನು ಆಗುವುದಿಲ್ಲ ಎಂದೆ. ಕೆಲಸದಲ್ಲಿ ನಾನು ಆ ಮಾತು ಅಂದದ್ದು ಅದೇ ಮೊದಲು. ಇದ್ದ ಹಾಗೆಯೇ ನಮ್ಮ ಕನ್ನಡ ಗಿರಾಕಿಗಳ ವಾಟ್ಸಾಪ್ ಗ್ರೂಪಿಗೆ ಹಾಕಿದೆವು. ಒಂದು ದಿನ ಮೆಸೇಜ್ ತಡವಾದರೆ ಕಲಬುರಗಿಯಿಂದ ಫೋನ್ ಬರುತ್ತಿತ್ತು: “ಇವತ್ತ ಸಾಹೇಬ್ರಿಗೆ ಎಷ್ಟು ಸಲ ಆತ್ರಿ?”

ಆರನೆಯ ದಿನ ಅಂಗಡಿ ಸಿಕ್ಕಿತು. ಅಲ್ಲಿ ನಿಂತೇ ಅವರು ಗದಗಿಗೆ ಫೋನ್ ಮಾಡಿದರಂತೆ. ಬಂದ ಮೇಲೆ ನನಗೆ ಅಕ್ಕೋರ ದನಿಯಲ್ಲೂ ತಮ್ಮ ದನಿಯಲ್ಲೂ ಆಡಿ ತೋರಿಸಿದರು.

“ಅಕ್ಕೋರ, ಅಂಗಡಿ ಸಿಕ್ತರಿ. ಆದ್ರ ತಪ್ಪು ಭಾಳ ಅವ. ದಾರಿ ಬ್ಯಾರೆ. ತಿರುವು ಎಡಕ್ಕ ಅದ. ಮರ ಅಕ್ರೋಡ ಅಲ್ಲ, ಜರ್ದಾಳು ಹಣ್ಣಿಂದು.”

“ಅಂಗಡಿ ಅದ ಅಲ್ಲ?”

“ಅದ ರೀ.”

“ಹಂಗಾರ ಜಸ್ಟ್ ಪಾಸ್. ನದಿ?”

ಅಂಗಡಿಯವನು ಕೊಂಬೆಗೆ ರೇಡಿಯೋ ನೇತುಹಾಕಿದ್ದ. ಎಷ್ಟು ಜೋರು ಅಂದರೆ ಫೋನಿನಲ್ಲಿ ಅಕ್ಕೋರಿಗೂ ಹಾಡು ಕೇಳಿಸುತ್ತಿತ್ತು. ಬಸ್ಸು ನಿಂತದ್ದು ಹತ್ತು ನಿಮಿಷ, ಅದರಲ್ಲಿ ಐದು ನಿಮಿಷ ಇವರು ಬಸ್ಸಿನ ಹಿಂದೆ ಬಗ್ಗಿ ನಿಂತಿದ್ದರು. “ನದಿ ಕಾಣಸ್ತದ್ರಿ. ಕೇಳಸಲಿಲ್ಲ,” ಎಂದು ಇದ್ದದ್ದನ್ನು ಹೇಳಿದರು.

ಮುಂದಿನ ಬ್ರೋಷರಿನಲ್ಲಿ ಅಂಗಡಿ ತನ್ನ ಸರಿಯಾದ ಜಾಗಕ್ಕೆ ಹೋಯಿತು. ಎಡ ತಿರುವು, ನನ್ನ ಇಂಗ್ಲಿಷಿನಲ್ಲಿ ಏಪ್ರಿಕಾಟ್ ಆದ ಜರ್ದಾಳು ಮರ, ರೇಡಿಯೋ, ಎಲ್ಲ ಬಂತು. ನದಿ ಮಾತಾಡುತ್ತದೆ ಎಂಬುದನ್ನು ಹಾಕಲಿಲ್ಲ. ಅದು ಇಡೀ ಪುಟದಲ್ಲಿ ಅತ್ಯಂತ ಚಂದದ ಸಾಲು, ಇರಲಿ ಬಿಡಿ ಎಂದು ನಾನೇ ಹೇಳಿದೆ. “ಕೇಳಿಲ್ರಿ, ಬರಿಯೂದಿಲ್ಲ,” ಎಂದರು. ಆ ವರ್ಷದಿಂದ ಅವರು ಟೇಬಲ್ಲಿಗೆ ಮರಳಲೇ ಇಲ್ಲ. ತಾವಾಗಿ ಕೇಳಿ ಟೂರ್ ಮ್ಯಾನೇಜರ್ ಆದರು. ವಾಂತಿ ನಿಂತಿತೇ? ಕೊನೆಯ ಟೂರಿನವರೆಗೂ ನಿಲ್ಲಲಿಲ್ಲ. ಮೈಕ್ ಹಿಡಿದು ಕೋಟೆಯ ಕಥೆ ಹೇಳುತ್ತಿರುವಾಗ “ಒಂದ್ ನಿಮಿಷ ರೀ” ಎಂದು ಬಾಗಿಲ ಕಡೆ ತಿರುಗುವುದು, ಬಾಯಿ ಒರೆಸಿಕೊಂಡು ಬಂದು ಅದೇ ವಾಕ್ಯವನ್ನು ಬಿಟ್ಟಲ್ಲಿಂದ ಮುಂದುವರಿಸುವುದು. ಗಿರಾಕಿಗಳು ಮನೆಯಿಂದಲೇ ಅವರಿಗಾಗಿ ನಿಂಬೆಹಣ್ಣು ತರುತ್ತಿದ್ದರು. ಅಷ್ಟು ಕಷ್ಟವಿದ್ದರೆ ಯಾಕೆ ಹೋಗುತ್ತೀರಿ ಎಂದು ಕೇಳಿದ್ದಕ್ಕೆ, “ಹೊಟ್ಟಿಗೆ ಸೇರೂದಿಲ್ರಿ, ನನಗ ಸೇರ್ತದ,” ಎಂದಿದ್ದರು.

ಮರುವರ್ಷ ಮೇ ತಿಂಗಳ ಸಾಂಗ್ಲಾ ಪಟ್ಟಿಯಲ್ಲಿ ಗದಗಿನ ಅಕ್ಕೋರ ಹೆಸರಿತ್ತು. ಮೊಣಕಾಲಿಗೆ ಬೆಲ್ಟ್ ಕಟ್ಟಿಕೊಂಡು, ತಂಗಿಯನ್ನು ಜೊತೆಗೆ ಕರೆದುಕೊಂಡು ಬಂದರು. ಆ ಪಟ್ಟಿಯ ಕೊನೆಯಲ್ಲಿ ನನ್ನ ಹೆಸರೂ ಇತ್ತು. ಅಷ್ಟು ವರ್ಷ ಬೆಟ್ಟದ ಮಡಿಲಲ್ಲಿ ಊರುಗಳನ್ನು ಕೂರಿಸಿದ್ದೆನಲ್ಲ, ಒಮ್ಮೆ ಹೋಗಿ ನೋಡೋಣ ಅನ್ನಿಸಿತ್ತು.

ಬೆಟ್ಟಗಳೇ ಕೂತಿರಲಿಲ್ಲ. ಅಷ್ಟು ಮಾತ್ರ ಹೇಳುತ್ತೇನೆ. ನೇರ ಎದ್ದು ನಿಂತಿದ್ದವು, ನಮ್ಮ ಬಸ್ಸು ಅವುಗಳ ಪಕ್ಕೆಗೆ ಅಂಟಿಕೊಂಡು ಹೋಗುತ್ತಿತ್ತು. ನಮ್ಮ ಮ್ಯಾನೇಜರ್ ಸಾಹೇಬರು ಡ್ರೈವರನ ಪಕ್ಕದಲ್ಲಿ ನಿಂತು ಪ್ರತಿ ತಿರುವಿಗೂ ಇಣುಕುತ್ತಿದ್ದರು. ಅವತ್ತು ಬೆಳಗಿನಿಂದ ಏನೂ ತಿಂದಿರಲಿಲ್ಲ, ಕಥೆಯನ್ನೂ ಹೇಳಿರಲಿಲ್ಲ. ಹಿಂದಿನ ಸೀಟಿನ ಒಬ್ಬರು ಕಿಚಾಯಿಸಿದರು: “ಸಾಹೇಬ್ರ, ಇವತ್ತ ಯಾಕ ಮುಖ ಪರೀಕ್ಷಾ ಬರಿಯೂ ಹುಡುಗನ ಗತೆ ಆಗ್ಯದ?” ಅವರು ನಗಲಿಲ್ಲ.

ಎಡ ತಿರುವಿನಲ್ಲಿ ಬಸ್ಸು ನಿಂತಿತು. ಜರ್ದಾಳು ಮರದಲ್ಲಿ ಹಸಿರು ಕಾಯಿಗಳು. ಮರದ ಕೆಳಗೆ ತಗಡಿನ ಅಂಗಡಿ, ಎರಡು ಬೆಂಚು, ಕೊಂಬೆಯಲ್ಲಿ ರೇಡಿಯೋ. ಹಾಡು ಕಿವಿಗೆ ಅಪ್ಪಳಿಸುತ್ತಿತ್ತು. ಅಕ್ಕೋರನ್ನು ಕೈಹಿಡಿದು ಇಳಿಸಿ ಬೆಂಚಿನ ಮೇಲೆ ಕೂರಿಸಿದೆವು. ಇವರು ಅಂಗಡಿಯವನ ಹತ್ತಿರ ಹೋಗಿ ತಮ್ಮ ಪುಣೇರಿ ಹಿಂದಿಯಲ್ಲಿ, ರೇಡಿಯೋ ಸ್ವಲ್ಪ ಬಂದ್ ಮಾಡುತ್ತೀರಾ, ನಮಗೆ ನದಿ ಕೇಳಬೇಕು ಎಂದರು. ಮುದುಕ ಅಂಗಡಿಯವನಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಇನ್ನೂ ಆಶ್ಚರ್ಯವಾಯಿತು. ಹುಟ್ಟಿದಾಗಿನಿಂದ ಆ ಸದ್ದು ಕೇಳಿ ಬೇಸತ್ತೇ ರೇಡಿಯೋ ತಂದಿದ್ದೇನೆ ಎಂದ. ಇವರು ಕೈ ಮುಗಿದರು. ಎಷ್ಟು ದೂರದಿಂದ ಬಂದಿದ್ದೀರಿ ಎಂದು ಕೇಳಿದ. ಪುಣೆ, ಗದಗ ಎಂದೆವು. ಪುಣೆ ಕೇಳಿದ್ದೇನೆ ಎಂದು ರೇಡಿಯೋದ ಕಿವಿ ತಿರುಗಿಸಿ ಬಂದ್ ಮಾಡಿದ.

ಒಮ್ಮೆಲೇ ಎಲ್ಲರೂ ಮಾತಾಡತೊಡಗಿದರು. ಯಾರಿಗೋ ಬಿಸ್ಕೀಟು ಬೇಕು, ಯಾರಿಗೋ ಫೋಟೋ. ಅಕ್ಕೋರ ತಂಗಿ ಶಾಲು ಹೊದ್ದುಕೋ ಎನ್ನುತ್ತಿದ್ದರು, ಅಕ್ಕೋರು ಬೇಡ ಎನ್ನುತ್ತಿದ್ದರು. ಇವರು ಬೆಂಚಿನ ಮುಂದೆ ಬಂದು ನಿಂತರು. ಮುಖ ಬಿಳಿಚಿತ್ತು, ಕೈಯಲ್ಲಿ ಹಿಂಡಿದ ನಿಂಬೆಹಣ್ಣಿತ್ತು.

“ಅಕ್ಕೋರ,” ಎಂದರು. “ಮಾತಾಡಬ್ಯಾಡ್ರಿ.”

ಅಕ್ಕೋರು ಅರ್ಧ ತೆರೆದ ಬಾಯಿ ಮುಚ್ಚಿದರು. ತಂಗಿಯೂ ಸುಮ್ಮನಾದರು. ಒಬ್ಬೊಬ್ಬರಾಗಿ ಬಸ್ಸಿನವರೆಲ್ಲ ಸುಮ್ಮನಾದರು. ಮೊದಲು ಸ್ಟವಿನ ಸದ್ದು ಕೇಳಿಸಿತು. ಅದರ ಕೆಳಗೆ, ಎಲ್ಲೋ ಆಳದಲ್ಲಿ, ನೀರು. ಬರಬರುತ್ತ ಅದೇ ದೊಡ್ಡದಾಯಿತು. ಅದು ಮಾತಿನ ಹಾಗಿತ್ತೇ ಎಂದು ಕೇಳಿದರೆ ನನಗೆ ಹೇಳಲು ಬಾರದು. ಅಕ್ಕೋರು ಕೈಕಟ್ಟಿ ನೆಟ್ಟಗೆ ಕೂತಿದ್ದರು, ಮೊದಲ ಬೆಂಚಿನ ಹುಡುಗಿಯ ಹಾಗೆ. ಕಣ್ಣು ಮುಚ್ಚಿತ್ತು. ಇವರು ಮಾತ್ರ ನದಿಯ ಕಡೆ ನೋಡಲಿಲ್ಲ. ಅಕ್ಕೋರ ಮುಖವನ್ನೇ ನೋಡುತ್ತ ನಿಂತಿದ್ದರು.

ಎಷ್ಟು ಹೊತ್ತೋ, ಗಾಜಿನ ಲೋಟಗಳಲ್ಲಿ ಚಹಾ ಬಂತು. ಅಕ್ಕೋರು ಕಣ್ಣು ತೆರೆದು ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು. ಲೋಟವನ್ನು ಬೆಂಚಿನ ಮೇಲಿಟ್ಟು ಸೆರಗಿನಿಂದ ಕಣ್ಣು, ಬಾಯಿ ಎರಡನ್ನೂ ಒರೆಸಿಕೊಂಡರು.

“ನದಿ ಖರೇ ಅದ,” ಎಂದರು. “ಆದ್ರ ಚಹಾ ಭಾಳ ಸಪ್ಪಗದ. ಅದನ್ಯಾಕ ಬರದಿಲ್ಲ?”

ಬೆಳಗಿನಿಂದ ಬಿಗಿದುಕೊಂಡಿದ್ದ ಆ ಮುಖದಲ್ಲಿ ಆಗ ನಗು ಬಂತು. ಕಿಸೆಯಿಂದ ಪುಸ್ತಕ ತೆಗೆದು, ನನ್ನ ಪೆನ್ನು ಇಸಿದುಕೊಂಡು, ಅಕ್ಕೋರ ಮುಂದೆ ನಿಂತೇ ಬರೆದರು. ಬರೆದದ್ದನ್ನು ಓದಿ ತೋರಿಸಿದರು. ಅಕ್ಕೋರು ತಲೆಯಾಡಿಸಿದರು. ಅಂಗಡಿಯ ಮುದುಕ ಕುತೂಹಲದಿಂದ, ಏನು ಬರೆಯುತ್ತಿದ್ದೀರಿ ಎಂದು ಕೇಳಿದ. ಸುಳ್ಳು ಹೇಳುವುದನ್ನು ಅವರು ಬಿಟ್ಟು ವರ್ಷವಾಗಿತ್ತು. ನಿಮ್ಮ ಚಹಾದ ಬಗ್ಗೆ ಬರೆಯುತ್ತಿದ್ದೇನೆ ಎಂದರು.

ಮುದುಕನಿಗೆ ಎಷ್ಟು ಸಂತೋಷವಾಯಿತೆಂದರೆ, ಬೇಡವೆಂದರೂ ಕೇಳದೆ ಎಲ್ಲರಿಗೂ ಇನ್ನೊಂದೊಂದು ಲೋಟ ತಂದುಕೊಟ್ಟ. ಅದನ್ನೂ ಪೂರ್ತಿ ಕುಡಿದೆವು. ಮೊದಲು ಮುಗಿಸಿದವರು ಅಕ್ಕೋರು.